ಕಾಂಗ್‌ನನ್ನು ಕೊಂದವರು ಯಾರು?

1933ರ ಮಾರ್ಚ್ 2ರಂದು ನ್ಯೂಯಾರ್ಕ್‌ನಲ್ಲಿ ‘ಕಿಂಗ್ ಕಾಂಗ್’ ತೆರೆ ಕಂಡಾಗ ಅಮೆರಿಕದ ದುಡಿಮೆಗಾರರಲ್ಲಿ ನಾಲ್ವರಲ್ಲೊಬ್ಬನಿಗೆ ಕೆಲಸವಿರಲಿಲ್ಲ. ನಾಲ್ಕೇ ದಿನಗಳಲ್ಲಿ ಹೊಸ ಅಧ್ಯಕ್ಷ ರೂಸ್‌ವೆಲ್ಟ್ ದೇಶದ ಬ್ಯಾಂಕುಗಳನ್ನೆಲ್ಲ ತಾತ್ಕಾಲಿಕವಾಗಿ ಮುಚ್ಚಿಸಿದರು. ಆದರೂ ಜನ ಚಿತ್ರಮಂದಿರಕ್ಕೆ ಮುಗಿಬಿದ್ದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಇದು ದೈತ್ಯ ವಾನರನ ಕಥೆಗಿಂತ ಹೆಚ್ಚಾಗಿ ಒಂದು ವ್ಯಾಪಾರದ ಕಥೆಯಾಗಿ ಕಾಣುತ್ತದೆ.

ಕಥೆ ಆರಂಭವಾಗುವುದೇ ಹಸಿವಿನಿಂದ. ಅಂಗಡಿಯ ಸೇಬಿಗೆ ಕೈಚಾಚಿ ಸಿಕ್ಕಿಬಿದ್ದ ಆ್ಯನ್ ಡ್ಯಾರೋ ಎಂಬ ಯುವತಿಯನ್ನು ಚಿತ್ರ ತಯಾರಕ ಕಾರ್ಲ್ ಡೆನ್ಹ್ಯಾಮ್ ಬಿಡಿಸಿ, ನಟಿಯಾಗಿಸುವೆನೆಂದು ಹಡಗು ಹತ್ತಿಸುತ್ತಾನೆ. ಹಸಿದವರಿಗೆ ಷರತ್ತು ವಿಚಾರಿಸುವ ವ್ಯವಧಾನವೆಲ್ಲಿ? ಮುಂದೆ ದ್ವೀಪದಲ್ಲಿ ಗ್ಯಾಸ್ ಬಾಂಬಿಗೆ ಕಾಂಗ್ ಮೂರ್ಛೆಹೋದೊಡನೆ ಡೆನ್ಹ್ಯಾಮ್, ನಾವೆಲ್ಲ ಕೋಟ್ಯಧೀಶರಾದೆವು, ನಿಮಗೂ ಪಾಲುಂಟು ಎಂದು ಸಂಗಡಿಗರಿಗೆ ಸಾರುತ್ತಾನೆ. ಹಲವು ನಾವಿಕರು ಆಗಲೇ ಸತ್ತಿದ್ದಾರೆ; ಕಾಂಗ್ ತುಳಿದ ಹಳ್ಳಿ ಎದುರಿಗೇ ಬಿದ್ದಿದೆ. ಡೆನ್ಹ್ಯಾಮನ ಲೆಕ್ಕದಲ್ಲಿ ಇವಕ್ಕೆ ಬಾಬತ್ತೇ ಇಲ್ಲ.

ಕಾಂಗ್ ಸಾಧುಪ್ರಾಣಿಯಲ್ಲ. ಮನುಷ್ಯರನ್ನು ಕಚ್ಚಿ, ತುಳಿದು ಕೊಲ್ಲುತ್ತಾನೆ. ಚಿತ್ರ ಅದನ್ನು ಮರೆಮಾಚುವುದಿಲ್ಲ. ಆದರೆ ಎಂಪೈರ್ ಸ್ಟೇಟ್ ಕಟ್ಟಡದ ತುದಿಯಲ್ಲಿ ಗುಂಡೇಟು ತಿಂದು, ಎದೆಯ ಗಾಯವನ್ನು ಮುಟ್ಟಿ ನೋಡಿಕೊಳ್ಳುವಾಗ ತನಗೇನಾಗುತ್ತಿದೆ ಎಂಬುದೇ ಅವನಿಗೆ ತಿಳಿಯದು. ಮೊಲದ ತುಪ್ಪಳ ಹೊದಿಸಿದ ಒಂದೂವರೆ ಅಡಿಯ ಗೊಂಬೆಯಿಂದ ವಿಲಿಸ್ ಒಬ್ರಿಯನ್ ಆ ದಿಗ್ಭ್ರಮೆಯನ್ನು ಹೊಮ್ಮಿಸಿದ್ದು ಇಂದಿಗೂ ನನಗೆ ಸೋಜಿಗ.

ಶವದ ಮುಂದೆ ನಿಂತ ಡೆನ್ಹ್ಯಾಮ್, ಇವನನ್ನು ಕೊಂದದ್ದು ವಿಮಾನಗಳಲ್ಲ, ಸೌಂದರ್ಯ ಎಂದುಬಿಡುತ್ತಾನೆ. ಸೇವಾವಧಿಯಲ್ಲಿ ನಾನು ಓದಿದ ಎಷ್ಟೋ ವಿಚಾರಣಾ ವರದಿಗಳ ಕೊನೆಯ ಪುಟ ಹೀಗೆಯೇ ಇರುತ್ತಿತ್ತು: ಅವಘಡ ಸಂಭವಿಸಿರುತ್ತದೆ, ಕಾರಣವೂ ದೊರೆತಿರುತ್ತದೆ, ಕರ್ತೃ ಮಾತ್ರ ಇರುವುದಿಲ್ಲ. ಹೊಟ್ಟೆಪಾಡಿಗಾಗಿ ಹಡಗೇರಿದ ಹುಡುಗಿಯ ರೂಪದ ಮೇಲೆ ಆರೋಪ. ಟಿಕೆಟ್ ಮಾರಿದವನಿಗೆ ತೀರ್ಪು ಹೇಳುವ ಅಧಿಕಾರ! ಒಂಬತ್ತು ದಶಕಗಳಿಂದ ಪ್ರೇಕ್ಷಕರು ಅದನ್ನು ಕಾವ್ಯವೆಂದೇ ಮೆಚ್ಚಿಕೊಂಡು ಬಂದಿದ್ದಾರೆ.

ಚಿತ್ರ ತಯಾರಿಸಿದವರಿಗೇ ಆ ತೀರ್ಪು ಪೂರ್ತಿ ಒಪ್ಪಿಗೆಯಾಗಿತ್ತೆಂದು ನನಗನ್ನಿಸುವುದಿಲ್ಲ. ಅದೇ ವರ್ಷದ ಕೊನೆಗೆ ಬಂದ ‘ಸನ್ ಆಫ್ ಕಾಂಗ್’ನಲ್ಲಿ ಡೆನ್ಹ್ಯಾಮ್ ಮೊಕದ್ದಮೆಗಳಿಗೆ ಅಂಜಿ ನ್ಯೂಯಾರ್ಕ್ ಬಿಟ್ಟು ಓಡುತ್ತಾನೆ. (ದ್ವೀಪವಾಸಿಗಳು ದಾವೆ ಹೂಡಲು ಎಲ್ಲಿಗೆ ಹೋದಾರು?) ಇನ್ನು ಮೊದಲ ಚಿತ್ರದಲ್ಲಿ ಕಾಂಗ್‌ಗೆ ಗುಂಡಿಕ್ಕುವ ವಿಮಾನದಲ್ಲಿ ಕುಳಿತವರು ಬೇರಾರೂ ಅಲ್ಲ, ಡೆನ್ಹ್ಯಾಮನಂತೆಯೇ ದೂರದೇಶಗಳ ಕಾಡುಮೇಡು ಅಲೆದು ಚಿತ್ರ ತೆಗೆದು ತಂದಿದ್ದ ನಿರ್ದೇಶಕರು, ಮೆರಿಯನ್ ಕೂಪರ್ ಮತ್ತು ಅರ್ನೆಸ್ಟ್ ಶೋಡ್‌ಸ್ಯಾಕ್.