ಪುಡಿ ಹಾಕಿ ಎಂಜಿನ್ ಪಳಗಿಸುವ ಅವಸರ

ಶ್ರೀನಿವಾಸಪುರದಲ್ಲಿ ಮಾವಿನ ಹಂಗಾಮು ಬಿರುಸಾದಾಗ ಸರಕು ವಾಹನದ ಮಾಲೀಕನಿಗೆ ಒಂದು ದಿನ ಗಾಡಿ ನಿಂತರೂ ನಷ್ಟ. ಎಂಜಿನ್ ಬಿಚ್ಚಿಸಿ ಲೈನರ್, ಪಿಸ್ಟನ್, ರಿಂಗುಗಳನ್ನು ಬದಲಿಸಿದವನಿಗಂತೂ ಅವಸರ ಇನ್ನೂ ಹೆಚ್ಚು. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಬೇಕಾದ ರನ್ನಿಂಗ್-ಇನ್ ಅವಧಿಯನ್ನು ಮೊಟಕುಗೊಳಿಸಲು ಪುಡಿಗಳ ಮೊರೆ ಹೋಗುವ ಆಸೆ ಹುಟ್ಟುವುದು ಆಗಲೇ. ಒಂದು, ಲೋಹವನ್ನು ಉಜ್ಜುವ ಪುಡಿ. ಇನ್ನೊಂದು, ಗ್ರಾಫೈಟ್ ಅಥವಾ ಮಾಲಿಬ್ಡಿನಮ್ ಡೈಸಲ್ಫೈಡ್‌ನಂತಹ ಒಣ ಲೂಬ್ರಿಕೆಂಟ್. ಈ ಕೆಲಸಕ್ಕೆ ಎರಡೂ ಸಲ್ಲವು.

ಉಜ್ಜುವ ಪುಡಿಯ ಉಪಾಯ ಹೊಸದೇನಲ್ಲ. ರಿಂಗ್ ಕೂರದ ಎಂಜಿನ್ನಿನ ಗಾಳಿಮಾರ್ಗಕ್ಕೆ 'ಬಾನ್ ಅಮಿ' ಎಂಬ ಪಾತ್ರೆ ತೊಳೆಯುವ ಪುಡಿಯನ್ನು ಚಿಟಿಕೆಯಷ್ಟು ಬಿಡುವ ರೂಢಿ ಅಮೆರಿಕದ ಹಳೆಯ ಡೀಸೆಲ್ ಮೆಕ್ಯಾನಿಕರಲ್ಲಿ ಇತ್ತು. ವಾಲ್ವ್ ಕೂರಿಸಲು ಇಂದಿಗೂ ಉಜ್ಜುವ ಪೇಸ್ಟ್ ಬಳಸುವುದಿಲ್ಲವೇ ಎಂದು ಕೇಳುವವರುಂಟು. ನಿಜ; ಆದರೆ ವಾಲ್ವನ್ನು ಉಜ್ಜಿದ ಮೇಲೆ ತೊಳೆದು, ಒರೆಸಿ, ಅನಂತರ ಜೋಡಿಸುತ್ತಾರೆ. ಜೋಡಿಸಿ ಮುಗಿದ ಎಂಜಿನ್ನಿಗೆ ಹಾಕಿದ ಪುಡಿಯನ್ನು ತೊಳೆಯುವವರಾರು? ಅದು ರಿಂಗುಗಳನ್ನು ದಾಟಿ ಎಣ್ಣೆಗಿಳಿದು, ಬೇರಿಂಗಿನ ಮೆದು ಲೋಹದಲ್ಲಿ ನಾಟಿ, ಕ್ರ್ಯಾಂಕ್‌ಶಾಫ್ಟನ್ನು ಸವೆಸುತ್ತದೆ. ಮಾಲೂರಿನ ಇಟ್ಟಿಗೆಗೂಡುಗಳಿಗೂ ಜಿಲ್ಲೆಯ ಕಲ್ಲುಗಣಿಗಳಿಗೂ ಓಡಾಡುವ ಗಾಡಿಗೆ ಇಂಥ ಪುಡಿಯನ್ನು ಹಣ ಕೊಟ್ಟು ತರಬೇಕಾದ್ದೂ ಇಲ್ಲ. ಏರ್ ಫಿಲ್ಟರ್ ಸಡಿಲವಿದ್ದರೆ ರಸ್ತೆಯೇ ಪುಕ್ಕಟೆಯಾಗಿ ಒದಗಿಸುತ್ತದೆ.

ಒಣ ಲೂಬ್ರಿಕೆಂಟಿನ ತೊಡಕು ಇದಕ್ಕೆ ವಿರುದ್ಧವಾದುದು. ಕ್ಯಾಮ್‌ಶಾಫ್ಟ್ ಜೋಡಿಸುವಾಗ ಮಾಲಿಬ್ಡಿನಮ್ ಲೇಪ ಉಪಯುಕ್ತವೇ. ಸಿಲಿಂಡರ್ ಗೋಡೆಗೆ ಮಾತ್ರ ಬೇಡ. ಹೋನಿಂಗ್ ಮಾಡಿ ಅಲ್ಲಿ ಮೂಡಿಸಿದ ಓರೆಗೀರುಗಳೂ ರಿಂಗೂ ತುಸು ಸವೆದರೆ ತಾನೆ ರಿಂಗ್ ಕೂರುವುದು? ಆ ಸವೆತವನ್ನೇ ತಡೆದರೆ ಎಣ್ಣೆ ಮೇಲೇರಿ ಉರಿಯುತ್ತದೆ. 500 ಕಿ.ಮೀ.ಗೆ 1 ಲೀಟರ್ ಎಣ್ಣೆ ಕುಡಿಯುವ ಗಾಡಿ ತಿಂಗಳಿಗೆ 5,000 ಕಿ.ಮೀ. ಓಡಿದರೆ 10 ಲೀಟರ್ ಬೇಕು. ಲೀಟರಿಗೆ 300 ರೂ. ಎಂದು ಹಿಡಿದರೂ ವರ್ಷಕ್ಕೆ 36,000 ರೂ. ಈ ಮೊತ್ತ ಡೀಸೆಲ್ಲಿನೊಡನೆ 'ವಾಹನ ವೆಚ್ಚ'ದ ಖಾತೆಯಲ್ಲಿ ಬೆರೆತುಹೋಗುವುದರಿಂದ ಮಾಲೀಕನ ಕಣ್ಣಿಗೆ ಬೀಳದು. ಗಾಡಿಗೊಂದರಂತೆ ಎಂಜಿನ್ ಎಣ್ಣೆಯ ಪ್ರತ್ಯೇಕ ಲೆಕ್ಕವಿಟ್ಟವರಿಗೆ ಎರಡೇ ತಿಂಗಳಲ್ಲಿ ಸತ್ಯ ತಿಳಿಯುತ್ತದೆ.

ಹೋನಿಂಗ್ ಆದ ಸಿಲಿಂಡರನ್ನು ಸೀಮೆಎಣ್ಣೆಯಿಂದ ಒರೆಸಿದರೆ ಸಾಲದು. ಬಿಸಿ ಸೋಪುನೀರಿನಲ್ಲಿ, ಬಿಳಿ ಬಟ್ಟೆಗೆ ಕಪ್ಪು ಹತ್ತದವರೆಗೆ ತಿಕ್ಕಿ, ಕೂಡಲೇ ಎಣ್ಣೆ ಸವರಬೇಕು. ಇದಕ್ಕೆ ತಗಲುವ ಖರ್ಚು ಅತ್ಯಲ್ಪ, ಆದರೂ ಅವಸರದಲ್ಲಿ ಮೊದಲು ಬಿಟ್ಟುಹೋಗುವುದು ಇದೇ. ಎಂಜಿನ್ನನ್ನು ನಿಂತಲ್ಲೇ ಗಂಟೆಗಟ್ಟಲೆ ಓಡಿಸಿ ಪಳಗಿಸುವುದೂ ತಪ್ಪು: ಹೊರೆಯಿಲ್ಲದಾಗ ದಹನದ ಒತ್ತಡ ರಿಂಗನ್ನು ಗೋಡೆಗೆ ಸಾಕಷ್ಟು ಒತ್ತುವುದಿಲ್ಲ, ಗೋಡೆ ಗಾಜಿನಂತೆ ನುಣುಪೇರುತ್ತದೆ. ಅರ್ಧ ಸರಕಿನೊಡನೆ, ವೇಗ ಬದಲಿಸುತ್ತ, ಕೋಲಾರ–ಮುಳಬಾಗಿಲು ಹೆದ್ದಾರಿಯಲ್ಲಿ ಕೆಲವು ಬಾಡಿಗೆ ಮಾಡುವುದು ಮೇಲು. ಮೊದಲ ಎಣ್ಣೆಯನ್ನೂ ಫಿಲ್ಟರನ್ನೂ ತಯಾರಕರ ಕೈಪಿಡಿ ಹೇಳಿದಷ್ಟರಲ್ಲೇ ಬದಲಿಸಬೇಕು. ಅರ್ಧ ಸರಕಿನ ಬಾಡಿಗೆಗೆ ಹಂಗಾಮಿನಲ್ಲಿ ಯಾರೂ ಒಪ್ಪುವುದಿಲ್ಲವಾದ್ದರಿಂದ ಎಂಜಿನ್ ಬಿಚ್ಚಿಸುವ ಕೆಲಸವನ್ನು ಫೆಬ್ರವರಿಯೊಳಗೆ ಮುಗಿಸಿಕೊಳ್ಳುವುದು ಲೇಸು.