ಸರ್ಕಾರಿ ವಕೀಲರಿಗೆ ಪರದೆಯ ಪಾಠ: ಕಕ್ಷಿದಾರ ಯಾರು?

ಚಾಮರಾಜಪೇಟೆಯ ಈದ್ಗಾ ಮೈದಾನದ ಆ ಆರು ದಿನಗಳನ್ನು ಬೆಂಗಳೂರಿನ ಮುಸ್ಲಿಮರು ಅಷ್ಟು ಬೇಗ ಮರೆಯಲಾರರು. 2022ರ ಆಗಸ್ಟ್ 25ರಂದು ಹೈಕೋರ್ಟಿನ ಏಕಸದಸ್ಯ ಪೀಠವು ಮೈದಾನದಲ್ಲಿ ಯಥಾಸ್ಥಿತಿ ಕಾಪಾಡಬೇಕೆಂದು ಆದೇಶಿಸಿತು. ರಾಜ್ಯ ಸರ್ಕಾರ ತಡಮಾಡದೆ ಮೇಲ್ಮನವಿ ಸಲ್ಲಿಸಿತು; ಮರುದಿನವೇ ವಿಭಾಗೀಯ ಪೀಠವು ಆ ಆದೇಶವನ್ನು ಮಾರ್ಪಡಿಸಿತು. ಆಗಸ್ಟ್ 30ರಂದು, ಗಣೇಶ ಚತುರ್ಥಿಯ ಮುನ್ನಾದಿನ ಸಂಜೆ, ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠವು ಮತ್ತೆ ಯಥಾಸ್ಥಿತಿಗೆ ಆದೇಶಿಸಿ, ವಿವಾದವನ್ನು ಹೈಕೋರ್ಟಿನ ಏಕಸದಸ್ಯ ಪೀಠದ ಮುಂದೆಯೇ ಮಂಡಿಸಿಕೊಳ್ಳಿ ಎಂದು ಸೂಚಿಸಿತು.

ಮೈದಾನದ ಒಡೆತನದ ವಾದವನ್ನು ಇಲ್ಲಿ ಎತ್ತುವುದು ನನ್ನ ಉದ್ದೇಶವಲ್ಲ. ಅದರ ಇತಿಹಾಸ 1964ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೂ 1965ರ ವಕ್ಫ್ ಅಧಿಸೂಚನೆಯಲ್ಲೂ ಇದೆ. ನನ್ನನ್ನು ಕಾಡಿದ್ದು ಸರ್ಕಾರದ ಆ ವೇಗ. ನಿವೃತ್ತ ಶಿಕ್ಷಕಿಯೊಬ್ಬರ ಪಿಂಚಣಿಯ ಮೊಕದ್ದಮೆಯಲ್ಲಿ, ಭೂಮಿ ಕಳೆದುಕೊಂಡ ರೈತನ ಪರಿಹಾರದ ಅರ್ಜಿಯಲ್ಲಿ ಇದೇ ಸರ್ಕಾರದ ಪರ ನಿಲ್ಲುವ ವಕೀಲರು "ಇಲಾಖೆಯಿಂದ ಇನ್ನೂ ಸೂಚನೆ ಬಂದಿಲ್ಲ, ಕಾಲಾವಕಾಶ ಬೇಕು" ಎಂದು ವರ್ಷಗಟ್ಟಲೆ ವಾಯಿದೆ ಕೇಳುವುದನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿದವರೆಲ್ಲ ಕಂಡಿದ್ದಾರೆ. ಈದ್ಗಾದ ವಿಷಯದಲ್ಲಿ ಸೂಚನೆ ರಾತ್ರಿ ಕಳೆಯುವುದರೊಳಗೆ ಬಂತು. ಮೇಲ್ಮನವಿಗೆ ಮೊದಲು "ಇಷ್ಟು ಆತುರ ಬೇಡ" ಎಂದು ಸರ್ಕಾರಕ್ಕೆ ಹೇಳಬಲ್ಲ ವಕೀಲನಿಗೆ ನಮ್ಮ ವ್ಯವಸ್ಥೆಯಲ್ಲಿ ಸ್ಥಾನವಿದೆಯೇ? ಅಂತಹ ವಕೀಲನನ್ನು ಯಾವ ತರಬೇತಿ ರೂಪಿಸುತ್ತದೆ?

ಇಂದು ಸರ್ಕಾರಿ ವಕೀಲರ ತರಬೇತಿಯ ಬಹುಪಾಲು ಪರದೆಯ ಮೇಲೆ ನಡೆಯುತ್ತಿದೆ. ಕೋವಿಡ್ ಕಾಲದಲ್ಲಿ ಅನಿವಾರ್ಯವಾಗಿ ಆರಂಭವಾದದ್ದು ಈಗ ರೂಢಿಯಾಗಿದೆ. ಹೊಸ ಕ್ರಿಮಿನಲ್ ಕಾನೂನುಗಳು 2024ರ ಜುಲೈ 1ರಂದು ಜಾರಿಗೆ ಬರುವ ಮೊದಲೇ ಕೇಂದ್ರ ಸರ್ಕಾರದ ಐಗಾಟ್ ಕರ್ಮಯೋಗಿ ಎಂಬ ಜಾಲತಾಣದಲ್ಲಿ ಅವುಗಳ ಕುರಿತ ಪಾಠಗಳು ಸಿದ್ಧವಾಗಿದ್ದವು. ನನ್ನ ಪರಿಚಯದ ಸರ್ಕಾರಿ ಅಭಿಯೋಜಕರೊಬ್ಬರು ಮಧ್ಯಾಹ್ನದ ಊಟದ ಡಬ್ಬಿಗೆ ಮೊಬೈಲನ್ನು ಒರಗಿಸಿಟ್ಟು ಪಾಠ ಕೇಳುತ್ತಾರೆ. ನಡುವೆ ಕಕ್ಷಿದಾರರ ಕರೆ ಬಂದರೆ ಪಾಠ ನಿಲ್ಲುತ್ತದೆ, ಆದರೆ ಪ್ರಮಾಣಪತ್ರ ಮಾತ್ರ ಸಕಾಲಕ್ಕೆ ಕೈಸೇರುತ್ತದೆ. ನಾನು ಪರದೆಯನ್ನು ಹೀಗಳೆಯುತ್ತಿಲ್ಲ. ಯಾದಗಿರಿಯ ಅಭಿಯೋಜಕನೊಬ್ಬ ರಾಜಧಾನಿಗೆ ಬಾರದೆಯೇ ಕಲಿಯುವಂತಾದುದು ಸಣ್ಣ ಸಾಧನೆಯೇನಲ್ಲ. ಕಲಂಗಳ ಸಂಖ್ಯೆ ಬದಲಾದುದನ್ನು ತಿಳಿಯಲು ಇಷ್ಟು ಸಾಕು.

ಆದರೆ ಒಂದು ಕಲಮನ್ನೇ ನೋಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಗೊಳಗಾಗದ ವಿಚಾರಣಾಧೀನ ಕೈದಿಯು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಜೈಲಿನಲ್ಲಿ ಕಳೆದಿದ್ದರೆ ಅವನನ್ನು ಬಾಂಡ್ ಪಡೆದು ಬಿಡುಗಡೆ ಮಾಡಬೇಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ ಇದು ಅನ್ವಯಿಸದು. ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದವರಿಗೂ ಇಲ್ಲ. ಹಳೆಯ ಪ್ರಕರಣಗಳ ಕೈದಿಗಳಿಗೂ ಇದು ಅನ್ವಯವೆಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಈ ಕಲಮನ್ನು ಓದಿದ ಅಭಿಯೋಜಕನು ಜಾಮೀನು ಅರ್ಜಿಗೆ ಅಭ್ಯಾಸಬಲದಿಂದ ಆಕ್ಷೇಪಣೆ ಬರೆಯುತ್ತಾನೋ, ಅಥವಾ ಕಡತ ತೆರೆದು ಆ ಯುವಕ ಒಳಗಿದ್ದ ದಿನಗಳನ್ನು ಎಣಿಸುತ್ತಾನೋ? ವ್ಯತ್ಯಾಸವಿರುವುದು ಅಲ್ಲಿ. ಆ ಎಣಿಕೆಗಾಗಿ ಕಾಯುತ್ತಿರುವ ತಾಯಂದಿರು ಗೋರಿಪಾಳ್ಯದಲ್ಲೂ ಇದ್ದಾರೆ, ಕಲಬುರಗಿಯಲ್ಲೂ ಇದ್ದಾರೆ.

ಅಭಿಯೋಜಕನು ಹೇಗಾದರೂ ಸರಿ ಶಿಕ್ಷೆ ಕೊಡಿಸಲು ಹಾತೊರೆಯಬಾರದು, ಆರೋಪಿಯ ವಿಷಯದಲ್ಲೂ ನ್ಯಾಯಯುತವಾಗಿ ವರ್ತಿಸಬೇಕು ಎಂದು 1999ರ ಶಿವಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದರ ಇನ್ನೊಂದು ಮುಖವನ್ನು ದೇಶ ಕಂಡದ್ದು 2004ರಲ್ಲಿ. ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಸರ್ಕಾರಿ ಅಭಿಯೋಜಕರು ಆರೋಪಿಗಳ ವಕೀಲರಂತೆ ನಡೆದುಕೊಂಡಿದ್ದಾರೆಂದು ಅದೇ ನ್ಯಾಯಾಲಯ ಟೀಕಿಸಿ, ಮರುವಿಚಾರಣೆಯನ್ನು ಮಹಾರಾಷ್ಟ್ರಕ್ಕೆ ವರ್ಗಾಯಿಸಿತು. ಅಲ್ಲಿ ಕೊರತೆಯಾದದ್ದು ಕಾನೂನಿನ ಜ್ಞಾನವಲ್ಲ.

ಇಲ್ಲಿ ನಮ್ಮ ಸಮುದಾಯಕ್ಕೆ ಕಹಿಯೆನಿಸಬಹುದಾದ ಒಂದು ಮಾತನ್ನೂ ಹೇಳಬೇಕಾಗಿದೆ. 2022ರ ಹಳೇ ಹುಬ್ಬಳ್ಳಿ ಗಲಭೆಯ ಪ್ರಕರಣವೂ ಸೇರಿದಂತೆ 43 ಪ್ರಕರಣಗಳನ್ನು ಹಿಂಪಡೆಯಲು ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದಾಗ ನಮ್ಮಲ್ಲಿ ಹಲವರು ಸಂತಸಪಟ್ಟರು. 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿದಾಗ ಬೇಸರವೂ ಆಯಿತು. ಆದರೆ ಮೊಕದ್ದಮೆ ಹಿಂಪಡೆಯುವ ಅಧಿಕಾರವನ್ನು ಕಾನೂನು ಕೊಟ್ಟಿರುವುದು ಅಭಿಯೋಜಕನಿಗೆ. ಅವನು ಸ್ವಂತ ವಿವೇಚನೆಯಿಂದ ನಿರ್ಧರಿಸಿ ನ್ಯಾಯಾಲಯದ ಅನುಮತಿ ಕೇಳಬೇಕು. ಸಚಿವ ಸಂಪುಟ ತೀರ್ಮಾನಿಸಿ, ಅಭಿಯೋಜಕ ಅದಕ್ಕೆ ಸಹಿ ಹಾಕುವುದಲ್ಲ. ನಮಗೆ ಅನುಕೂಲವಾದಾಗ ಸರ್ಕಾರದ ಮಾತಿಗೆ ತಲೆಯಾಡಿಸುವ ವಕೀಲರನ್ನು ಬಯಸಿ, ಈದ್ಗಾದ ವಿಷಯ ಬಂದಾಗ ಸ್ವತಂತ್ರ ವಕೀಲರಿಲ್ಲವೆಂದು ಕೊರಗುವುದು ಯಾವ ನ್ಯಾಯ? ನಿರಪರಾಧಿಗಳು ಅಲ್ಲಿ ಸಿಲುಕಿದ್ದರೆ ಅವರ ಕಡತಗಳನ್ನು ಒಂದೊಂದಾಗಿ ಓದಿ ನಿರ್ಧರಿಸುವ ಅಭಿಯೋಜಕನೇ ಅವರಿಗೆ ಗಟ್ಟಿಯಾದ ಆಸರೆ.

ಮದ್ರಸಾದಲ್ಲಿ ಓದುವಾಗ ಇಮಾಮ್ ಅಬೂ ಯೂಸುಫರ ಹೆಸರನ್ನು ನಾವು ಫಿಕ್ಹ್‌ನ ಪಾಠಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದೆವು. ಅವರು ಖಲೀಫ ಹಾರೂನ್ ರಶೀದರ ಮುಖ್ಯ ಖಾಝಿಯಾಗಿದ್ದವರು. ಖಲೀಫರ ಕೋರಿಕೆಯ ಮೇರೆಗೆ ಭೂಕಂದಾಯದ ಕುರಿತು 'ಕಿತಾಬುಲ್ ಖರಾಜ್' ಬರೆದಾಗ, ಬೊಕ್ಕಸ ತುಂಬಿಸುವ ಉಪಾಯಗಳನ್ನಷ್ಟೇ ಕೊಟ್ಟು ಮುಗಿಸಬಹುದಿತ್ತು. ಅವರು ಪ್ರಜೆಗಳಿಗೆ ಶಕ್ತಿಮೀರಿದ ಹೊರೆ ಹೊರಿಸಬಾರದೆಂದು ಖಲೀಫರನ್ನೇ ಎಚ್ಚರಿಸಿದರು. ಸಂಬಳ ಕೊಡುವವನಿಗೆ ಎಚ್ಚರಿಕೆ ಕೊಡುವ ಈ ಗುಣವನ್ನು ಇಂದಿನ ಯಾವ ಪ್ರಶ್ನಪತ್ರಿಕೆ ಪರೀಕ್ಷಿಸುತ್ತದೆ?

2023ರಲ್ಲಿ ಕಾನೂನು ಸಚಿವ ಎಚ್.ಕೆ. ಪಾಟೀಲರು ಸರ್ಕಾರಿ ವ್ಯಾಜ್ಯಗಳ ನಿರ್ವಹಣೆಗೆಂದೇ ಒಂದು ಕಾಯ್ದೆಯನ್ನು ತಂದರು; ವಿಳಂಬಕ್ಕೆ ಅಧಿಕಾರಿಗಳನ್ನು ಹೊಣೆ ಮಾಡುವುದು ಅದರ ಆಶಯ. ಇದು ಸ್ವಾಗತಾರ್ಹ. ಆದರೆ ಯಾವ ಪ್ರಕರಣದಲ್ಲಿ ಮೇಲ್ಮನವಿ ಹೂಡಬೇಕು, ಯಾವುದನ್ನು ಬಿಡಬೇಕು ಎಂಬ ನೀತಿಯ ಚರ್ಚೆ ಇಲಾಖೆಯ ಪಾಸ್‌ವರ್ಡ್‌ನ ಆಚೆಗೆ ಉಳಿಯಬೇಕೇಕೆ? ನ್ಯಾಯಾಲಯವೇ ತನ್ನ ಬಾಗಿಲನ್ನು ತೆರೆದಿದೆ. 2022ರ ಫೆಬ್ರುವರಿಯಲ್ಲಿ ಹಿಜಾಬ್ ಪ್ರಕರಣದ ವಾದ-ಪ್ರತಿವಾದಗಳನ್ನು ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಯೂಟ್ಯೂಬಿನಲ್ಲಿ ಕೇಳಿದರು. ಅಡ್ವೊಕೇಟ್ ಜನರಲ್ ಏನು ವಾದಿಸಿದರೆಂದು ಪತ್ರಿಕೆಗಿಂತ ಮೊದಲೇ ತಿಳಿದರು. 2024ರಲ್ಲಿ ನ್ಯಾಯಮೂರ್ತಿಯೊಬ್ಬರು ಗೋರಿಪಾಳ್ಯವನ್ನು ಪಾಕಿಸ್ತಾನವೆಂದಾಗ ಆ ಮಾತು ಹೊರಬಿದ್ದದ್ದೂ ನೇರಪ್ರಸಾರದ ದೃಶ್ಯದಿಂದಲೇ. ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಅದನ್ನು ಕೈಗೆತ್ತಿಕೊಂಡಿತು, ನ್ಯಾಯಮೂರ್ತಿಗಳು ವಿಷಾದ ವ್ಯಕ್ತಪಡಿಸಿದರು. ನ್ಯಾಯಮೂರ್ತಿಯ ಮಾತನ್ನು ಪ್ರಜೆ ಕೇಳಬಹುದಾದರೆ, ಪ್ರಜೆಯ ತೆರಿಗೆಯಿಂದ ಸಂಭಾವನೆ ಪಡೆಯುವ ವಕೀಲರಿಗೆ ಏನನ್ನು ಕಲಿಸಲಾಗುತ್ತಿದೆ ಎಂಬುದನ್ನೂ ಕೇಳಬಹುದು. ಗುಟ್ಟಾಗಿರಬೇಕಾದ ಪ್ರಕರಣಗಳ ಚರ್ಚೆ ಬೇರೆ. ಸಾಮಾನ್ಯ ನೀತಿಯ ಪಾಠ ಬೇರೆ.

ಕೇಳುವುದಷ್ಟೇ ಅಲ್ಲ, ನಾವು ಒಳಗೂ ಹೋಗಬೇಕು. ಮಗ ಇಂಜಿನಿಯರ್, ಮಗಳು ಡಾಕ್ಟರ್ ಎಂಬ ಹಂಬಲದಲ್ಲಿ ಕಾನೂನು ಪದವಿಯನ್ನು ನಾವು ಬೇರೆಲ್ಲೂ ಸೀಟು ಸಿಗದವರ ಓದೆಂದು ಬಗೆದಿದ್ದೇವೆ. ಬಸವನಗುಡಿಯ ಬಿ.ಎಂ.ಎಸ್. ಕಾನೂನು ಕಾಲೇಜಿನಿಂದಲೋ, ಲಾಲ್‌ಬಾಗ್ ಸಮೀಪದ ಅಲ್-ಅಮೀನ್ ಕಾನೂನು ಕಾಲೇಜಿನಿಂದಲೋ ಹೊರಬರುವ ನಮ್ಮ ಯುವಕ ಯುವತಿಯರಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಯ ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಎಷ್ಟು ಮಂದಿ? ಜಿಲ್ಲಾ ಸರ್ಕಾರಿ ವಕೀಲರ ನೇಮಕ 1977ರ ನಿಯಮಗಳಂತೆ ನಡೆಯುತ್ತದೆ. ಅಲ್ಲಿ ಪಕ್ಷದ ನಂಟು ಕೆಲಸ ಮಾಡುತ್ತದೆಂಬುದು ಗುಟ್ಟೇನಲ್ಲ. ಇಂತಹ ನೇಮಕಗಳು ನ್ಯಾಯಯುತವೂ ಪಾರದರ್ಶಕವೂ ಆಗಿರಬೇಕೆಂದು 2016ರಲ್ಲಿ ಪಂಜಾಬಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆ ತೀರ್ಪನ್ನು ಹಿಡಿದು ನಮ್ಮ ಶಾಸಕರ ಮನೆಬಾಗಿಲಿಗೆ ಹೋದ ಜಮಾಅತ್ ಕಮಿಟಿ ಒಂದಾದರೂ ಇದೆಯೇ? ಶಾದಿ ಮಹಲಿಗೆ ಅನುದಾನ ಕೇಳಲು ಹೋದವುಗಳನ್ನು ನಾನು ಬಲ್ಲೆ.