ಡಬ್ಬಿಯಲ್ಲಿಟ್ಟ ಸ್ನೀಕರ್ ಹೊಸದಾಗಿಯೇ ಉಳಿಯುತ್ತದೆಯೇ?

ಹಾಕದೆ ಎತ್ತಿಟ್ಟ ಸ್ನೀಕರ್ ಚಿನ್ನದಂತೆ ಬೆಲೆ ಏರಿಸಿಕೊಳ್ಳುತ್ತದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಚಿನ್ನ ಪುಡಿಯಾಗುವುದಿಲ್ಲ, ಸ್ನೀಕರ್ ಆಗುತ್ತದೆ. ಹಲವು ಸ್ನೀಕರ್‌ಗಳ ಸೋಲ್‌ನಲ್ಲಿರುವುದು ಪಾಲಿಯುರೆಥೇನ್ ಫೋಮ್. ಗಾಳಿಯ ತೇವಾಂಶ ಅದರ ರಾಸಾಯನಿಕ ಬಂಧಗಳನ್ನು ನಿಧಾನವಾಗಿ ಮುರಿಯುತ್ತದೆ, ಇದೇ ಹೈಡ್ರಾಲಿಸಿಸ್. 1988ರ ಏರ್ ಜೋರ್ಡನ್ 3 ಜೋಡಿಗಳು ಒಮ್ಮೆಯೂ ಹಾಕದಿದ್ದರೂ ಸೋಲ್ ಉದುರುವ ಸ್ಥಿತಿಗೆ ಬಂದಿರುವುದು ಇದರಿಂದಲೇ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಪಿಜಿಗಳಲ್ಲಿ ಮಂಚದಡಿ ಡಬ್ಬಿ ಪೇರಿಸುವವರೆಲ್ಲ ಮರುಮಾರಾಟದ ಲೆಕ್ಕದವರು ಎಂದರೆ ನಾವಂತೂ ಒಪ್ಪುವುದಿಲ್ಲ. ಶನಿವಾರದ ಬಿಳಿ ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ ಉಜ್ಜಿ ಪಿ.ಟಿ.ಗೆ ನಿಂತವರಿಗೆ, ಮೊದಲ ಸಂಬಳದಲ್ಲಿ ಕೊಂಡ ಜೋಡಿ ಹೂಡಿಕೆಯಲ್ಲ. (ಮನೆಯವರಿಗೆ ಅರ್ಧ ಬೆಲೆಯಷ್ಟೇ ಹೇಳಿರುತ್ತಾರೆ!)

ಒಣ, ತಂಪು ಜಾಗ ಸೋಲ್ ಹಾಳಾಗುವುದನ್ನು ನಿಧಾನಿಸಬಹುದು, ನಿಲ್ಲಿಸಲಾಗದು. ಹಾಗಾಗಿ ಹಾಕಿಕೊಂಡೇ ಬಿಡಿ. ಪೀಣ್ಯದ ಧೂಳು ಹತ್ತಿದರೆ ಹತ್ತಲಿ.